ಹೈವೇಯಲ್ಲಿ ತಣ್ಣಗೆ, ಕಲ್ಸಂಕದಲ್ಲಿ ಕೊತಕೊತ: ಆ ಅರ್ಧ ಲೀಟರ್ ನೀರು ಎಲ್ಲಿಗೆ ಹೋಗುತ್ತಿದೆ?

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94,000 ಕಿ.ಮೀ. ಓಡಿದೆ. ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಿನಲ್ಲಿ. ಕಳೆದ ತಿಂಗಳು ಐದು ಜನ ಕೂತು, ಎಸಿ ಹಾಕಿಕೊಂಡು ಆಗುಂಬೆ ಘಾಟಿ ಹತ್ತುವಾಗ ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಕೆಂಪು ದೀಪ ಬಂತು, ಬಾನೆಟ್ ಸಂದಿಯಿಂದ ಹಬೆ. ಹತ್ತು ನಿಮಿಷ ಕಾದು, ಕುಡಿಯಲು ತಂದ ನೀರನ್ನೇ ಸುರಿದು ಮೇಲೆ ತಲುಪಿದೆವು. ಮನೆಗೆ ಬಂದು ಬಾವಿ ನೀರು ತುಂಬಿಸಿದೆ. ಆಮೇಲೆ ಗ್ಯಾರೇಜಿನಲ್ಲಿ ಕೂಲೆಂಟ್ ಬದಲಿಸಿಕೊಟ್ಟರು. ಈಗ ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ನಂತೂರಿನಲ್ಲೋ ಜಾಮ್‌ಗೆ ಸಿಕ್ಕಿದರೆ ಮುಳ್ಳು ಮೇಲೇರುತ್ತದೆ. ವಾರಕ್ಕೆ ಅರ್ಧ ಲೀಟರ್ ನೀರು ಕಡಿಮೆಯಾಗುತ್ತದೆ, ನೆಲದಲ್ಲಿ ಮಾತ್ರ ಹನಿ ಕಾಣುವುದಿಲ್ಲ. ಒಬ್ಬ ಮೆಕ್ಯಾನಿಕ್ "ಥರ್ಮೋಸ್ಟ್ಯಾಟ್ ತೆಗೆದುಬಿಡಿ, ನಮ್ಮೂರಿನ ಸೆಕೆಗೆ ಅದು ಬೇಡ" ಎನ್ನುತ್ತಾರೆ. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ ಹೋಗಿದೆ, 28,000 ರೂ. ಆಗುತ್ತದೆ ಎನ್ನುತ್ತಾರೆ. ಯಾರ ಮಾತು ನಂಬಲಿ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಮೊದಲನೆಯದು ದುರಸ್ತಿಯೇ ಅಲ್ಲ. ಎರಡನೆಯದು ನಿಜವಿರಲೂಬಹುದು, ಆದರೆ ಪರೀಕ್ಷೆ ಮಾಡಿ ಹೇಳಿದಂತೆ ಕಾಣುವುದಿಲ್ಲ. ಬಿಸಿಯಾಗುವ ಎಂಜಿನ್ ವಿಷಯದಲ್ಲಿ ಬಿಡಿಭಾಗ ಖರೀದಿಸುವ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ಯಾವ ಹೊತ್ತಿನಲ್ಲಿ ಬಿಸಿಯಾಗುತ್ತದೆ, ಕಡಿಮೆಯಾದ ನೀರು ಎಲ್ಲಿಗೆ ಹೋಯಿತು. ಮೊದಲ ಪ್ರಶ್ನೆಗೆ ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಪಡುಬಿದ್ರಿ, ಮೂಲ್ಕಿ ದಾಟುವಾಗ ರೇಡಿಯೇಟರಿಗೆ ಎದುರುಗಾಳಿಯೇ ಸಾಕು, ಫ್ಯಾನಿಗೆ ಕೆಲಸವೇ ಇಲ್ಲ. ನಿಂತ ಗಾಡಿಗೆ ಫ್ಯಾನ್ ಬಿಟ್ಟರೆ ಬೇರೆ ಗಾಳಿ ಇಲ್ಲ. ಘಾಟಿಯಲ್ಲಿ ಎರಡೂ ಕಡೆಯಿಂದ ಪೆಟ್ಟು: ಎರಡನೇ ಗೇರಿನಲ್ಲಿ ಐದು ಜನರನ್ನು ಎಳೆಯುವ ಎಂಜಿನ್ ಪೂರ್ತಿ ಬೆವರುತ್ತಿರುತ್ತದೆ, ಗಾಡಿಯ ವೇಗ ಮಾತ್ರ 20-25. ಎಸಿ ಹಾಕಿದ್ದರೆ ರೇಡಿಯೇಟರಿನ ಮುಂದೆಯೇ ಇರುವ ಕಂಡೆನ್ಸರ್ ಗಾಳಿಯನ್ನು ಮೊದಲೇ ಕಾಯಿಸಿ ಕಳಿಸುತ್ತದೆ. ಹೈವೇಯಲ್ಲಿ ಸರಿ, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ ಗಾಳಿಯ ಮೇಲೆ, ಅಂದರೆ ಫ್ಯಾನ್, ಅದರ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮತ್ತು ವೈರಿಂಗ್, ಕಸ ಕಟ್ಟಿದ ರೇಡಿಯೇಟರ್. ಇದಕ್ಕೆ ತಿರುಗುಮುರುಗಾಗಿ ಜಾಮ್‌ನಲ್ಲಿ ಸರಿ ಇದ್ದು 80-100ರ ವೇಗದಲ್ಲಿ ಬಿಸಿಯಾದರೆ ಅನುಮಾನ ನೀರಿನ ಹರಿವಿನ ಮೇಲೆ: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಎಲೆ ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟ್ಯಾಟ್ (ನೀರು ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ). ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಪದರ) ಹೋದ ಗಾಡಿ ಸಾಮಾನ್ಯವಾಗಿ ಎಂಜಿನ್ನಿಗೆ ಭಾರ ಬಿದ್ದಾಗಲೆಲ್ಲ ಕಾಯುತ್ತದೆ. ಹೈವೇಯ ಐವತ್ತು ಚಿಲ್ಲರೆ ಕಿಲೋಮೀಟರನ್ನು ದಿನವೂ ತಣ್ಣಗೆ ಮುಗಿಸಿ ಜಾಮ್‌ನಲ್ಲಿ ಮಾತ್ರ ತಕರಾರು ಮಾಡುವುದು ಅದರ ಮೊದಲ ಲಕ್ಷಣವಲ್ಲ.

ಹಾಗಾದರೆ ನೀರು? ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸಬೇಕು. ನೀರು ಕಡಿಮೆಯಾದ್ದರಿಂದ ಎಂಜಿನ್ ಕಾಯಬಹುದು. ಕಾದದ್ದರಿಂದ ನೀರು ಉಕ್ಕಿ ಹೋಗುತ್ತಿರಲೂಬಹುದು. ಎರಡನೆಯದರಲ್ಲಿ ರೇಡಿಯೇಟರ್ ಕ್ಯಾಪ್‌ನ ಪಾತ್ರ ದೊಡ್ಡದು, ಅದನ್ನು ಯಾರೂ ನೋಡುವುದೇ ಇಲ್ಲ. ಕ್ಯಾಪ್ ಎಂದರೆ ಬರೀ ಮುಚ್ಚಳವಲ್ಲ, ಪ್ರೆಷರ್ ಕುಕ್ಕರಿನ ವೆಯ್ಟ್ ಇದ್ದಂತೆ. ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅಷ್ಟು ಬಾರ್ ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಕುದಿಯುವ ಬಿಂದು ಸುಮಾರು 20 ಡಿಗ್ರಿ ಮೇಲೇರುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿದರೆ, ಸರಿಯಾದ ಕ್ಯಾಪ್ ಇದ್ದಾಗ 125 ದಾಟುವವರೆಗೂ ಕುದಿಯುವುದಿಲ್ಲ. ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಈ ರಕ್ಷಣೆ ಪೂರ್ತಿ ಹೋಯಿತು. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಶುರುವಾಗುವುದೇ 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ. ಜಾಮ್‌ನಲ್ಲಿ 103-104 ತಲುಪುವುದು ಆರೋಗ್ಯವಂತ ಎಂಜಿನ್ನಿಗೂ ಮಾಮೂಲು.

ಈಗ ನಿಮ್ಮ ಕೂಲೆಂಟ್ ಲೆಕ್ಕ ನೋಡೋಣ. ಸಣ್ಣ ಪೆಟ್ರೋಲ್ ಕಾರಿನ ಇಡೀ ವ್ಯವಸ್ಥೆಗೆ ಅಂದಾಜು 4 ಲೀಟರ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರೆ ಹೊರಬರುವುದು ಸುಮಾರು ಎರಡು ಚಿಲ್ಲರೆ ಲೀಟರ್ ಅಷ್ಟೆ. ಉಳಿದದ್ದು ಎಂಜಿನ್ ಬ್ಲಾಕ್ ಮತ್ತು ಹೀಟರಿನಲ್ಲೇ ಕೂತಿರುತ್ತದೆ. ನಿಮ್ಮಲ್ಲಿ ಉಳಿದದ್ದು ಬಹುಮಟ್ಟಿಗೆ ಬಾವಿ ನೀರು. 1.8 ಲೀಟರ್ ಬಾವಿ ನೀರಿನ ಮೇಲೆ 2.2 ಲೀಟರ್ ರೆಡಿಮಿಕ್ಸ್ (ನೀರು ಬೆರೆಸಿಯೇ ಮಾರುವ ಕೂಲೆಂಟ್) ಹಾಕಿದರೆ, ರೆಡಿಮಿಕ್ಸ್‌ನಲ್ಲೇ ಅರ್ಧ ನೀರು ಇರುವುದರಿಂದ, ನಿಜವಾದ ಕೂಲೆಂಟ್ 1.1 ಲೀಟರ್, ಅಂದರೆ ಶೇ. 27. ವಾರಕ್ಕೆ ಅರ್ಧ ಲೀಟರಿನಂತೆ ನೀರು ಸೇರಿಸುತ್ತಾ ಹೋದಿರಿ, ಅದೂ ತೆಳುವಾಯಿತು. ಇಂಥ ನೀರು, ಅದರ ಮೇಲೆ ಸೋತ ಕ್ಯಾಪ್: 102-103 ಡಿಗ್ರಿಗೇ ಕುದಿಯುತ್ತದೆ. ಉಕ್ಕಿದ್ದು ರಿಸರ್ವ್ ಟ್ಯಾಂಕಿಗೆ ಹೋಗಿ, ಅಲ್ಲಿಂದ ಓವರ್‌ಫ್ಲೋ ಕೊಳವೆಯ ಮೂಲಕ ರಸ್ತೆಗೆ. ಅದು ಬೀಳುವುದು ಕಲ್ಸಂಕದ ಡಾಮರಿನ ಮೇಲೆ. ನೀವು ಹುಡುಕುತ್ತಿರುವುದು ಮನೆಯಂಗಳದಲ್ಲಿ.

ಇದೇ ನಿಮ್ಮ ಕಾಯಿಲೆ ಎಂದು ಇಲ್ಲಿ ಕೂತು ಪ್ರಮಾಣ ಮಾಡಲಾರೆ. ಆದರೆ ಅಗ್ಗದ ಪರೀಕ್ಷೆಗಳು ಮೊದಲು, ಹೆಡ್ ಬಿಚ್ಚುವುದು ಕೊನೆಗೆ.

ಫ್ಯಾನಿನಿಂದ ಶುರು ಮಾಡಿ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಒಂದು ನಿಮಿಷದೊಳಗೆ ಫ್ಯಾನ್ ತಿರುಗಬೇಕು. ಬಳಿಕ ಎಸಿ ಆಫ್ ಮಾಡಿ, ನಿಂತಲ್ಲೇ ಎಂಜಿನ್ ಕಾಯಲು ಬಿಡಿ. ಅಗ್ಗದ ಬ್ಲೂಟೂತ್ ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಒಂದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ನಿಜವಾದ ಉಷ್ಣಾಂಶ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನೆಚ್ಚಬೇಡಿ: ಎಷ್ಟೋ ಕಾರುಗಳಲ್ಲಿ ಅದು ಹತ್ತಿಪ್ಪತ್ತು ಡಿಗ್ರಿ ಏರುಪೇರಾದರೂ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಅದು ಅಲ್ಲಾಡುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿ. 100ರ ಸುಮಾರಿಗೆ ಫ್ಯಾನ್ ಶುರುವಾಗಿ, ಐದಾರು ಡಿಗ್ರಿ ಇಳಿದ ಮೇಲೆ ನಿಂತರೆ ಸರಿ. ಎಸಿಗೆ ತಿರುಗುತ್ತದೆ, ಬಿಸಿಗೆ ತಿರುಗುವುದಿಲ್ಲ ಎಂದಾದರೆ ಮೋಟಾರು ಚೆನ್ನಾಗಿದೆ. ಸೆನ್ಸರ್, ರಿಲೇ ಅಥವಾ ವೈರಿಂಗ್ ನೋಡಬೇಕು. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮೋಟಾರ್. ರಿಲೇ ಪರೀಕ್ಷೆಗೆ ಅದೇ ಬಾಕ್ಸಿನಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇಯನ್ನು ಅದಲು ಬದಲು ಮಾಡಿದರೆ ಸಾಕು. ಮೋಟಾರಿಗೆ ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನಲ್ಲಿ ನೇರ 12 ವೋಲ್ಟ್ ಕೊಟ್ಟು ನೋಡಬಹುದು. ನಿಧಾನಕ್ಕೆ ತಿರುಗುವ, ಬಡಿದರೆ ಮಾತ್ರ ಎಚ್ಚರವಾಗುವ ಮೋಟಾರಿನ ಬ್ರಶ್ ಸವೆದಿದೆ. ಕೈ ಹಾಕುವಾಗ ಎಚ್ಚರ, ಕೀ ತೆಗೆದ ಮೇಲೂ ಫ್ಯಾನ್ ಥಟ್ಟನೆ ಶುರುವಾಗುವ ಗಾಡಿಗಳಿವೆ.

ಕರಾವಳಿಯಲ್ಲಿ ಇನ್ನೊಂದು ಸಂಗತಿ ನೋಡಲೇಬೇಕು, ಅರ್ಥಿಂಗ್. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ಫ್ಯಾನಿನ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ, ಬಾಡಿಗೆ ಬೋಲ್ಟ್ ಮಾಡಿದ ಅರ್ಥ್ ತುಕ್ಕು ಹಿಡಿಯುತ್ತದೆ. ಫ್ಯಾನ್ ತಿರುಗುವಾಗ ಮೋಟಾರಿನ ಅರ್ಥ್ ತುದಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮಲ್ಟಿಮೀಟರ್ ಇಟ್ಟರೆ 0.2-0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಒಂದು ವೋಲ್ಟ್ ತೋರಿಸಿದರೆ ಮೋಟಾರ್ ಬದಲಿಸಿಯೂ ಪ್ರಯೋಜನವಿಲ್ಲ; ಅರ್ಥ್ ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ಮರಳುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ ಮೇಲಿಂದ ಗ್ರೀಸ್ ಸವರಬೇಕು. ರಿಲೇಯ ಗೋಜೇ ಬೇಡವೆಂದು ಫ್ಯಾನಿಗೆ ಡ್ಯಾಶ್‌ಬೋರ್ಡಿನಿಂದ ನೇರ ಸ್ವಿಚ್ ಹಾಕಿಕೊಡುವವರಿದ್ದಾರೆ. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಅದು ಆದೀತು. ಕಾಯಂ ಆಗಿ ಬೇಡ. ಸಣ್ಣ ಸ್ವಿಚ್ಚು, ತೆಳು ವೈರು ಆ ಕರೆಂಟಿಗೆ ಕರಗುತ್ತವೆ. ಬೆಂಕಿಯ ಭಯ ನಿಜವಾದದ್ದು.

ಫ್ಯಾನ್ ಸರಿ ಇದ್ದರೆ ರೇಡಿಯೇಟರ್. ಮುಂದಿನಿಂದ ನೋಡಿದರೆ ಕಾಣುವುದು ಕಂಡೆನ್ಸರ್. ಕಸ ಇರುವುದು ಅದರ ಹಿಂದೆ, ಎರಡರ ನಡುವಿನ ಬೆರಳಗಲದ ಸಂದಿಯಲ್ಲಿ. ಧೂಳು, ಹುಳು, ಗಾಳಿಮರದ ಎಲೆ ಎಲ್ಲ ಸೇರಿ ಕಂಬಳಿಯಂತೆ ಕೂತಿರುತ್ತದೆ. ಮೇಲಿನ ಬ್ರಾಕೆಟ್ ಬಿಚ್ಚಿ ಎರಡನ್ನೂ ಸ್ವಲ್ಪ ದೂರ ಮಾಡಿ, ಎಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೆಟ್ ಖಂಡಿತ ಬೇಡ, ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಸಮುದ್ರದ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಫಿನ್‌ಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ಬಿಳಿ ಪುಡಿಯಾಗಿ ಉದುರಿದರೆ ತೊಳೆದು ಫಲವಿಲ್ಲ, ರೇಡಿಯೇಟರ್ ಬದಲಿಸಿ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅದನ್ನೂ ಹಾಕಿಸಿ, ಅದಿಲ್ಲದೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಬದಿಯ ಗಾಳಿಯನ್ನೇ ಗಿರಕಿ ಹೊಡೆಸುತ್ತದೆ.

ಮೂರನೆಯದು ಸೋರಿಕೆ. ಕ್ಯಾಪ್ ಹಳೆಯದಾಗಿದ್ದರೆ ಪರೀಕ್ಷೆಗೂ ಕಾಯದೆ ಬದಲಿಸಿ, ಅದು ಕೆಲವು ನೂರು ರೂಪಾಯಿಯ ಮಾತು. ಹಳೆಯ ಕ್ಯಾಪ್ ಮೇಲಿನ ಬಾರ್ ಸಂಖ್ಯೆಯೇ ಹೊಸದರ ಮೇಲೂ ಇರಲಿ. ಬಳಿಕ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟರ್ ಹಾಕಿಸಿ. ತಣ್ಣಗಿನ ಎಂಜಿನ್ನಿಗೆ ಕೈಪಂಪಿನಿಂದ ಕ್ಯಾಪ್ ಮೇಲಿನಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಟ್ಟರೆ ಮುಳ್ಳು ಇಳಿಯಬಾರದು. ಇಳಿದರೆ ಎಲ್ಲೋ ಹೋಗುತ್ತಿದೆ: ಹೋಸ್ ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಮ್‌ಗೆ ಸೇರುವ ಅಂಚು, ವಾಟರ್ ಪಂಪಿನ ಅಡಿಯ ಸಣ್ಣ ತೂತು. ಒಣಗಿದ ಕೂಲೆಂಟ್ ಬಿಳಿ, ಹಸಿರು ಅಥವಾ ಗುಲಾಬಿ ಹಕ್ಕಳೆಯಾಗಿ ಅಂಟಿರುತ್ತದೆ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದದ್ದು ಆವಿಯಾಗಿ ಹೋಗುವುದರಿಂದ ನೆಲಕ್ಕೆ ಹನಿ ಬೀಳುವುದೇ ಇಲ್ಲ. ಮುಂದಿನ ಪ್ರಯಾಣಿಕರ ಕಾಲಡಿಯ ಮ್ಯಾಟ್ ಒದ್ದೆಯಾಗಿ, ಕಾರಿನೊಳಗೆ ಸಿಹಿ ವಾಸನೆ ಬಂದು, ಗಾಜಿಗೆ ಎಣ್ಣೆಯಂಥ ಮಂಜು ಕೂತರೆ ಹೀಟರ್ ಕೋರ್ ಸೋರುತ್ತಿದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕಂಡು ಗಾಬರಿಯಾಗಬೇಡಿ, ಅದಕ್ಕೆ ಬಣ್ಣ, ವಾಸನೆ, ಜಾರು ಯಾವುದೂ ಇರುವುದಿಲ್ಲ. ಅಂಗಳದಲ್ಲಿ ನಾಯಿ, ಬೆಕ್ಕು ಇದ್ದರೆ ಬಿದ್ದ ಕೂಲೆಂಟನ್ನು ಕೂಡಲೇ ತೊಳೆಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ.

ಇನ್ನು ಥರ್ಮೋಸ್ಟ್ಯಾಟ್. ಅದು ಚಳಿ ಊರಿನ ಸಾಮಾನು, ನಮಗೆ ಬೇಡ ಎಂಬ ಮಾತು ಕರಾವಳಿಯ ಗ್ಯಾರೇಜುಗಳಲ್ಲಿ ಎಷ್ಟು ಹಳೆಯದೋ! ಥರ್ಮೋಸ್ಟ್ಯಾಟ್ ನೋಡುವುದು ಊರಿನ ಸೆಕೆಯನ್ನಲ್ಲ, ಎಂಜಿನ್ನಿನೊಳಗಿನ ನೀರನ್ನು. 82 ಅಥವಾ 88 ಡಿಗ್ರಿಗೆ ಬಾಯಿ ತೆರೆಯಲು ಶುರು ಮಾಡಿ, ಅಲ್ಲಿಂದ 10-15 ಡಿಗ್ರಿ ಏರುವುದರೊಳಗೆ ಪೂರ್ತಿ ತೆರೆಯುತ್ತದೆ. ಹೊರಗೆ 24 ಇರಲಿ, 36 ಇರಲಿ, ಅದರ ಗುರಿ ಒಂದೇ. ಅದನ್ನು ತೆಗೆದರೆ ಹೈವೇಯಲ್ಲಿ ಎಂಜಿನ್ 60-70 ಡಿಗ್ರಿಯಲ್ಲೇ ಓಡುತ್ತದೆ. ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲಿನಲ್ಲಿ ತೇವ ಉಳಿದು ಕೆಸರು ಕಟ್ಟುತ್ತದೆ. ತಮಾಷೆಯೆಂದರೆ, ಘಾಟಿಯಲ್ಲಿ ಇನ್ನೂ ಬೇಗ ಕಾಯಲೂಬಹುದು. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ಪೂರ್ತಿ ತೆರೆದಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತಟ್ಟೆಯೇ ಇಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತು ಹಾಕುತ್ತದೆ.

ಅನುಮಾನವಿದ್ದರೆ ತೆಗೆಸಿ, ಆದರೆ ಪರೀಕ್ಷೆಗೆ. ದಾರದಲ್ಲಿ ಕಟ್ಟಿ, ತಳ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಹಿಡಿದು ನೋಡಿ. ಅದರ ಮೇಲೆ ಒತ್ತಿದ ಸಂಖ್ಯೆಯ ಒಂದೆರಡು ಡಿಗ್ರಿ ಆಚೀಚೆ ತೆರೆಯಲು ತೊಡಗಿ, ನೀರು ಕುದಿಯುವ ಹೊತ್ತಿಗೆ ಸುಮಾರು 8 ಮಿ.ಮೀ. ಬಾಯಿ ಬಿಡಬೇಕು. ಪಾತ್ರೆ ಮತ್ತೆ ಅಡುಗೆಗೆ ಬೇಡ. ಅದು ಸೋತಿದ್ದರೆ ಅದೇ ಡಿಗ್ರಿಯ ಹೊಸದು, ಹೊಸ ರಬ್ಬರ್ ರಿಂಗಿನ ಜೊತೆ. ಸಣ್ಣ ಪಿನ್ ಇದ್ದರೆ ಅದು ಮೇಲ್ಮುಖವಾಗಿ ಕೂರಬೇಕು, ಗಾಳಿ ಹೊರಹೋಗುವುದು ಅಲ್ಲಿಂದ.

ಹೆಡ್ ಗ್ಯಾಸ್ಕೆಟ್ ವಿಷಯವನ್ನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಕೆಂಪು ದೀಪ ಬಂದು ಹತ್ತೇ ನಿಮಿಷದಲ್ಲಿ ತಣ್ಣೀರು ಸುರಿದಿದ್ದೀರಿ. ಕಾದ ಅಲ್ಯೂಮಿನಿಯಮ್ ಹೆಡ್‌ಗೆ ತಣ್ಣೀರು ತಾಗಿದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆದ್ದರಿಂದ ಮೇಲಿನದೆಲ್ಲ ಸರಿ ಬಂದರೂ ಬ್ಲಾಕ್ ಟೆಸ್ಟ್ ಮಾಡಿಸಿಯೇ ಬಿಡಿ. ರೇಡಿಯೇಟರಿನ ನೀರನ್ನು ಒಂದೆರಡು ಇಂಚು ಇಳಿಸಿ, ಬಾಯಿಯ ಮೇಲೆ ನೀಲಿ ದ್ರವದ ಗಾಜಿನ ಕೊಳವೆ ಇಟ್ಟು, ಎಂಜಿನ್ ಓಡುತ್ತಿರುವಾಗ ಅಲ್ಲಿನ ಗಾಳಿಯನ್ನು ಒಂದೆರಡು ನಿಮಿಷ ಅದರ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಮನೆಯಲ್ಲೇ ನೋಡಲು ಇನ್ನೊಂದು ದಾರಿ: ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿ ಮೇಲಿನ ಹೋಸ್ ಹಿಚುಕಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲಿ ಅದು ಕಲ್ಲಿನಂತೆ ಬಿಗಿಯಾದರೆ ಒಳ್ಳೆಯ ಸೂಚನೆ ಅಲ್ಲ.

ಇಲ್ಲಿ ಎರಡು ಸುಳ್ಳು ಸಾಕ್ಷಿಗಳಿವೆ. ಆಯಿಲ್ ಕ್ಯಾಪಿನ ಅಡಿಯಲ್ಲಿ ಹಾಲಿನ ಕೆನೆಯಂಥದ್ದು ಕಂಡಿತೆಂದು ಮಳೆಗಾಲದಲ್ಲಿ ಎಷ್ಟೋ ಹೆಡ್‌ಗಳು ಬಿಚ್ಚಲ್ಪಡುತ್ತವೆ. ಆಷಾಢದ ತೇವದಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಸಹಜ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಚಿಂತೆ. ಬೆಳಗ್ಗಿನ ಬಿಳಿ ಹೊಗೆಯೂ ಹಾಗೆಯೇ, ಎಂಜಿನ್ ಕಾದ ಮೇಲೂ ನಿಲ್ಲದಿದ್ದರಷ್ಟೇ ಲೆಕ್ಕಕ್ಕೆ.

ಗ್ಯಾಸ್ಕೆಟ್ ನಿಜಕ್ಕೂ ಹೋಗಿದ್ದರೆ ಆ 28,000 ರೂ. ಯಾವುದಕ್ಕೆಲ್ಲ ಎಂದು ಬರೆಸಿಕೊಳ್ಳಿ. ಹೆಡ್ ಅನ್ನು ಮೆಷಿನ್ ಶಾಪಿಗೆ ಕಳಿಸಿ ಬಿರುಕಿಗೆ ಪ್ರೆಷರ್ ಟೆಸ್ಟ್, ನೇರ ಪಟ್ಟಿಯಲ್ಲಿ ಸೊಟ್ಟ ಅಳೆಯುವುದು (ಹೆಚ್ಚಿನ ಸಣ್ಣ ಎಂಜಿನ್‌ಗಳಲ್ಲಿ ಮಿತಿ 0.05 ಮಿ.ಮೀ.ನ ಸುಮಾರು), ಅಗತ್ಯವಿದ್ದರೆ ಫೇಸಿಂಗ್ (ಮೇಲ್ಮೈ ಉಜ್ಜಿ ಸಮ ಮಾಡುವುದು), ಗ್ಯಾಸ್ಕೆಟ್ ಸೆಟ್, ಕಂಪನಿ ಹೇಳಿದ್ದರೆ ಹೊಸ ಹೆಡ್ ಬೋಲ್ಟ್, ಆಯಿಲ್ ಮತ್ತು ಫಿಲ್ಟರ್, ಕೂಲೆಂಟ್. ಹೆಡ್ ಅಳೆಯದೆ ಬರೀ ಗ್ಯಾಸ್ಕೆಟ್ ಬದಲಿಸಿದ ಕೆಲಸ ಮುಂದಿನ ಘಾಟಿಯವರೆಗೆ ಬಾಳಿದರೆ ಹೆಚ್ಚು. ಗ್ಯಾಸ್ಕೆಟ್ ಸುಟ್ಟ ಮೂಲ ಕಾರಣ, ಅಂದರೆ ಫ್ಯಾನೋ ಕ್ಯಾಪೋ, ಹಾಗೇ ಉಳಿದಿದ್ದರೂ ಅದೇ ಗತಿ. ಬಾಟಲಿಯಲ್ಲಿ ಬರುವ ಸೋರಿಕೆ ತಡೆಯುವ ದ್ರವ ಸಣ್ಣ ತೂತನ್ನು ಮುಚ್ಚುವುದು ಹೌದು, ಹಾಗೆಯೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಹೀಟರನ್ನೂ ಮುಚ್ಚುತ್ತದೆ. ಗಾಡಿ ಇಟ್ಟುಕೊಳ್ಳುವವರು ಅದನ್ನು ಹಾಕಬಾರದು.

ಕೊನೆಗೆ ಕೂಲೆಂಟ್ ಸರಿಯಾಗಿ ತುಂಬಿಸುವ ಕೆಲಸ. ಕೂಲೆಂಟ್ ಹೆಚ್ಚಾದಷ್ಟೂ ತಂಪು ಎಂಬುದು ತಪ್ಪು. ಶಾಖ ಹೊರುವುದರಲ್ಲಿ ಬರೀ ನೀರೇ ಮುಂದು. ಕೂಲೆಂಟ್ ಬೇಕಿರುವುದು ಕುದಿಯುವುದನ್ನು ತಡವಾಗಿಸಲು, ತುಕ್ಕು ತಡೆಯಲು. ಅರ್ಧಕ್ಕರ್ಧ ಸಾಕು. ನೀರು ಡಿಸ್ಟಿಲ್ಡ್ ಇರಲಿ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಕಬ್ಬಿಣದಂಶ ಹೆಚ್ಚು, ಹೊಳೆಬಾಯಿಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಅಲ್ಯೂಮಿನಿಯಮ್‌ಗೆ ಎರಡೂ ಆಗದು. ಮೊದಲು ಡಿಸ್ಟಿಲ್ಡ್ ನೀರು ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಓಡಿಸಿ, ತಣಿದ ಮೇಲೆ ಖಾಲಿ ಮಾಡಿ. ಹೊರಬರುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿಸಿ. ಒಳಗೆ ಎರಡು ಲೀಟರ್ ನೀರು ಉಳಿದೇ ಇರುವುದರಿಂದ ಕೊನೆಗೆ ರೆಡಿಮಿಕ್ಸ್ ಬೇಡ. ಕಾರಿನ ಪುಸ್ತಕದಲ್ಲಿ ಒಟ್ಟು 4 ಲೀಟರ್ ಎಂದಿದ್ದರೆ 2 ಲೀಟರ್ ಅಪ್ಪಟ ಕಾನ್ಸಂಟ್ರೇಟ್ ಹಾಕಿ, ಮಿಕ್ಕಿದ್ದು ಡಿಸ್ಟಿಲ್ಡ್ ನೀರು. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಪುಸ್ತಕದಲ್ಲಿರುವ ದರ್ಜೆ ನೋಡಿ.

ಆಮೇಲೆ ಗಾಳಿ ಬಿಡಿಸುವುದು. ಏರು ಅಂಗಳದಲ್ಲಿ ಗಾಡಿಯ ಮೂತಿ ಮೇಲೆ ಬರುವಂತೆ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಚಾಲೂ ಮಾಡಿ, ಹೋಸ್‌ಗಳನ್ನು ಹಿಚುಕುತ್ತಾ ಗುಳ್ಳೆ ನಿಲ್ಲುವವರೆಗೆ ತುಂಬಿಸಿ. ಬಳಿಕ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಬಂದು ಹೋಗಲಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ಮಟ್ಟ ನೋಡಿ. ಒಳಗೆ ಗಾಳಿಗುಳ್ಳೆ ಉಳಿದರೆ ಹೊಸ ಬಿಡಿಭಾಗ ಹಾಕಿದ ಗಾಡಿಯೂ ಕಾಯುತ್ತದೆ, ಪಾಪದ ಮೆಕ್ಯಾನಿಕ್ಕಿಗೆ ಬೈಗುಳ.

ಅಲ್ಲಿಯವರೆಗೆ ಓಡಿಸಬಹುದೇ ಎಂದು ಕೇಳಿದ್ದೀರಿ. ಬ್ಲಾಕ್ ಟೆಸ್ಟ್‌ನಲ್ಲಿ ನೀಲಿ ನೀಲಿಯಾಗಿಯೇ ಉಳಿದರೆ, ಮೊಬೈಲಿನಲ್ಲಿ ಉಷ್ಣಾಂಶ ನೋಡುತ್ತಾ ಹೈವೇಯಲ್ಲಿ ಹೋಗಿಬರಬಹುದು, ಜಾಮ್ ಹೊತ್ತು ತಪ್ಪಿಸಿ. 108 ದಾಟಿದರೆ ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ಅದರ ಗಾಳಿ ಜೋರಿಗೆ, ಕಿಟಕಿ ತೆರೆದು; ಸೆಕೆಯಲ್ಲಿ ಹಿಂಸೆಯೇ, ಆದರೆ ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಅದಕ್ಕೂ ಇಳಿಯದಿದ್ದರೆ, ಹಬೆ ಕಂಡರೆ, ಕೆಂಪು ದೀಪ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್. ಕಾಯುತ್ತಿದ್ದ ಎಂಜಿನ್ನಿನ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ, ಸೆನ್ಸರ್ ಮುಳುಗುವಷ್ಟೂ ನೀರಿಲ್ಲ ಎಂದು ಅದರ ಅರ್ಥ. ಕ್ಯಾಪ್‌ಗೆ ಕೈ ಹಚ್ಚುವುದು 45 ನಿಮಿಷದ ಮೇಲೆ, ಮೇಲಿನ ಹೋಸ್ ಹಿಚುಕಿದಾಗ ಮೆತ್ತಗಿದ್ದರೆ ಮಾತ್ರ, ದಪ್ಪ ಬಟ್ಟೆ ಹಿಡಿದು. ಆಗುಂಬೆಯ 14 ತಿರುವು, ಚಾರ್ಮಾಡಿ, ಶಿರಾಡಿ ಯಾವುದೂ ಸದ್ಯಕ್ಕೆ ಬೇಡ. ಗಾಡಿ ಸರಿಯಾದ ಮೇಲೂ ಏರಿನಲ್ಲಿ ಮೂರನೇ ಗೇರಿನಲ್ಲಿ ಏದುಸಿರು ಬಿಡಿಸದೆ ಎರಡನೆಯದರಲ್ಲಿ 2,500-3,000 ಆರ್‌ಪಿಎಂನಲ್ಲಿ ಹತ್ತಿಸಿ, ಹೆಚ್ಚಿನ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ.

ರಿಸರ್ವ್ ಟ್ಯಾಂಕಿನ ಮೇಲೆ ಇಂದೇ ಮಾರ್ಕರಿನಿಂದ ಗೆರೆ ಎಳೆದು ತಾರೀಕು ಬರೆಯಿರಿ, ದಿನವೂ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ನೋಡಿ. ಹೊಸ ಕ್ಯಾಪ್ ಹಾಕಿ, ಫ್ಯಾನ್ ಸರಿ ಮಾಡಿ ಎರಡು ವಾರ ಕಳೆದರೂ ಮಟ್ಟ ಆ ಗೆರೆಯಲ್ಲೇ ನಿಂತಿದ್ದರೆ ಹೆಡ್ ಬಿಚ್ಚಿಸಬೇಡಿ.